ಬೆಂಡೋಲೆಯ ಬಣ್ಣ ಕ್ಯಾಮೆರಾ ಕೈಗೆ ಯಾಕೆ ಸಿಗುವುದಿಲ್ಲ?

ಹಾಂ, ರೆಕಾರ್ಡ್ ಆಗುತ್ತಿದೆ. ಇದು ನಮ್ಮತ್ತೆಯ ವಜ್ರದ ಬೆಂಡೋಲೆ. ನಡುವೆ ಒಂದು ಹರಳು, ಸುತ್ತ ಆರು. ಇಲ್ಲಿ ಕೂತು ನಾನು ನೋಡಿದರೆ ಒಂದು ಹರಳು ಕೆಂಪು, ಪಕ್ಕದ್ದು ಹಸಿರು. ತಲೆ ಒಂಚೂರು ವಾಲಿಸಿದರೆ ಆ ಕೆಂಪು ಹರಳೇ ನೀಲಿ. ನಿಮ್ಮ ಪರದೆಯಲ್ಲಿ ಏನು ಕಾಣುತ್ತಿದೆ? ಬಿಳಿ ಚುಕ್ಕೆಗಳು. ಬರೀ ಬಿಳಿ. ನನಗೆ ಇದು ನಿಜವಾಗಿಯೂ ಹೊಟ್ಟೆ ಉರಿಸುತ್ತದೆ.

ಲೆನ್ಸ್ ಹಾಕುವುದು ನೀವೇ ನೋಡುತ್ತಿದ್ದೀರಿ. ಸಣ್ಣ ವಸ್ತುವನ್ನು ತೀರಾ ಹತ್ತಿರದಿಂದ ತೆಗೆಯುವ ಮ್ಯಾಕ್ರೋ ಲೆನ್ಸ್, ಬಾಡಿಗೆಯದು, ದಿನಕ್ಕೆ 900 ರೂಪಾಯಿ. ಅದು ಸರಿ, ಒಪ್ಪೋಣ. ಆದರೆ ಅಂಗಡಿಯವರು "ಒಡವೆ ಶೂಟ್ ಅಂದಮೇಲೆ ಸಾಫ್ಟ್‌ಬಾಕ್ಸ್ ಬೇಕೇ ಬೇಕು" ಅಂತ ಹಿಡಿದ ಪಟ್ಟು ಬಿಡಲಿಲ್ಲ. ಅದು ದೀಪದ ಮುಂದೆ ಬಿಳಿ ಬಟ್ಟೆ ಕಟ್ಟಿ ಬೆಳಕನ್ನು ಅಗಲವಾಗಿ ಹರಡುವ ಪೆಟ್ಟಿಗೆ. ಪ್ಯಾಕೇಜ್ ಅಂತೆ. ಲೆನ್ಸ್ ಒಂದನ್ನೇ ಕೊಡುವುದಿಲ್ಲವಂತೆ. 900 ಇದ್ದದ್ದು 1,650 ಆಯಿತು, ಮೇಲೆ ಡೆಪಾಸಿಟ್ ಬೇರೆ. ಬೇಡ ಎಂದರೂ ಕಾರಿನ ಡಿಕ್ಕಿಗೆ ತಂದು ಇಟ್ಟರು. 750 ಹೋಯಿತು ಅನ್ನುವುದಕ್ಕಿಂತ, ಯಾವ ಸಾಮಾನಿಗೆ ಹೋಯಿತು ಅನ್ನುವುದು ನನ್ನ ಸಿಟ್ಟು. ಹಚ್ಚುತ್ತೇನೆ, ಓಲೆ ನೋಡುತ್ತಿರಿ. ಸತ್ತೇ ಹೋಯಿತು, ಅಲ್ವಾ?

ವಜ್ರ ಬೆಳಕನ್ನು ಬಣ್ಣಬಣ್ಣವಾಗಿ ಒಡೆಯುತ್ತದೆ. ಬೆಳಕು ಒಂದು ಸಣ್ಣ ಬಿಂದುವಿನಿಂದ ಬಂದರೆ ಕೆಂಪು ಒಂದು ಕಡೆ, ನೀಲಿ ಇನ್ನೊಂದು ಕಡೆ ಹೊರಡುತ್ತದೆ. ಬೆಳಕಿನ ಮೂಲವೇ ಇಷ್ಟಗಲ ಇದ್ದರೆ, ಅದರ ಈ ಮೂಲೆಯಿಂದ ಬಂದ ಕೆಂಪಿನ ಮೇಲೆ ಆ ಮೂಲೆಯ ಹಸಿರು, ನೀಲಿ ಎಲ್ಲ ಬಂದು ಬೀಳುತ್ತದೆ. ಸೇರಿ ಮತ್ತೆ ಬಿಳಿ. ಒಡವೆ ಅಂಗಡಿಯ ಚಾವಣಿ ನೋಡಿದ್ದೀರಾ? ಸಾಲು ಸಾಲು ಸಣ್ಣ ಸ್ಪಾಟ್‌ಲೈಟ್. ಅಲ್ಲಿ ಕೊಂಡ ಹರಳು ಮನೆಯ ಟ್ಯೂಬ್‌ಲೈಟ್ ಕೆಳಗೆ ಮಂಕಾಗುವುದು ಇದಕ್ಕೇ. ದೀಪದ ಕುಡಿ ಚಿಕ್ಕದು, ಅದರ ಮುಂದೆ ಇದೇ ಓಲೆ ಜೀವ ತಳೆಯುತ್ತದೆ. ಸಾಫ್ಟ್‌ಬಾಕ್ಸ್ ಮುತ್ತಿಗೆ, ಬಂಗಾರಕ್ಕೆ ಚೆನ್ನ. ವಜ್ರಕ್ಕೆ ಬೇಡವೇ ಬೇಡ.

ಅತ್ತೆ ಒಳಗಿನಿಂದ ಕೂಗುತ್ತಿದ್ದಾರೆ, "ಬ್ಲೂ ಜಾಗರ್ ಅಂತ ಹೇಳು" ಅಂತ. ಹೌದು, ವಜ್ರದ ಒಂದು ಬಗೆಗೆ ಹೇಳುವ ಈ ಹೆಸರು ದಕ್ಷಿಣ ಆಫ್ರಿಕಾದ ಜಾಗರ್ಸ್‌ಫಾಂಟೈನ್ ಗಣಿಯಿಂದ ಬಂದದ್ದು. ಅಲ್ಲಿನ ವಜ್ರಕ್ಕೆ ಬಿಸಿಲಲ್ಲಿ ಒಂದು ನೀಲಿ ಛಾಯೆ ಬರುತ್ತಿತ್ತು. ಈಗ ನೀಲಿ ಕಂಡದ್ದಕ್ಕೆಲ್ಲ ಈ ಹೆಸರು ಹೇಳಿ ಮಾರುತ್ತಾರೆ, ಅದು ಬೇರೆ ಮಾತು.

ಸರಿ, ಶಾಟ್ ಮುಗಿಯುವ ಮುಂಚೆ ಇದನ್ನು ಹೇಳಬೇಕು. ಸಾಫ್ಟ್‌ಬಾಕ್ಸ್ ಆರಿಸಿ ಟಾರ್ಚ್ ಹಿಡಿದರೂ ಬಿಳಿಯೇ ಬಂತು, ನೋಡಿ. ಒಂದು ಕಾರಣ ಲೆನ್ಸಿನ ಬಾಯಿ. ಒಳ್ಳೇ ಬೆಳಕಿನಲ್ಲಿ ನಮ್ಮ ಕಣ್ಣಿನ ಪಾಪೆ 2ರಿಂದ 4 ಮಿಲಿಮೀಟರ್. ಈ 100 ಮಿಲಿಮೀಟರ್ ಲೆನ್ಸನ್ನು ಎಫ್ 2.8ಕ್ಕೆ ತೆರೆದರೆ ಅದರ ಬಾಯಿ ಸುಮಾರು 36 ಮಿಲಿಮೀಟರ್. ಈ ಎಫ್ ಸಂಖ್ಯೆ ಚಿಕ್ಕದಾದಷ್ಟೂ ಬಾಯಿ ದೊಡ್ಡದು. ಹರಳಿನಿಂದ ಬರುವ ಕೆಂಪು ಎಳೆ ನನ್ನ ಪಾಪೆಯನ್ನು ಪೂರ್ತಿ ತುಂಬುತ್ತದೆ, ಹಸಿರು ಪಕ್ಕದಲ್ಲಿ ಹಾದುಹೋಗುತ್ತದೆ. ಲೆನ್ಸ್ ಎರಡನ್ನೂ, ನೀಲಿಯನ್ನೂ ಒಟ್ಟಿಗೆ ನುಂಗಿ ಒಂದೇ ಚುಕ್ಕೆಗೆ ಹಾಕುತ್ತದೆ. ಹತ್ತಿರ ಹೋದಷ್ಟೂ ಕಷ್ಟ ಜಾಸ್ತಿ, ಬಣ್ಣಗಳು ಬೇರೆಯಾಗುವುದಕ್ಕೆ ದೂರವೇ ಸಿಗುವುದಿಲ್ಲ. ಮದುವೆ ಛತ್ರದಲ್ಲಿ ಆ ಮೂಲೆಯ ಅಜ್ಜಿಯ ಓಲೆ ಈ ಮೂಲೆಗೆ ಕೆಂಪಗೆ ಹೊಳೆಯುವುದು ಸುಮ್ನೆ ಅಲ್ಲ.

ಇನ್ನೊಂದು ಕಾರಣ ಸೆನ್ಸರ್, ಅಂದರೆ ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಚಿಪ್. ಪ್ರತಿ ಪಿಕ್ಸೆಲ್ ಒಂದು ಪುಟ್ಟ ಲೋಟ ಅಂದುಕೊಳ್ಳಿ. ಓಲೆಯ ಮಿಂಚು ಸುತ್ತಲಿನ ಬಂಗಾರಕ್ಕಿಂತ ಎಷ್ಟೋ ಪಟ್ಟು ಪ್ರಖರ. ಕೆಂಪು, ಹಸಿರು, ನೀಲಿ ಮೂರೂ ಲೋಟ ತುಂಬಿ ತುಳುಕಿದರೆ ಯಾವುದರಲ್ಲಿ ಜಾಸ್ತಿ ಇತ್ತು ಅಂತ ಹೇಳುವುದು ಹೇಗೆ? ಎಲ್ಲ ತುಂಬಿದೆ ಅಂದರೆ ಕ್ಯಾಮೆರಾ ಲೆಕ್ಕದಲ್ಲಿ ಬಿಳಿ. ಇದರ ಮೇಲೆ ವಿಡಿಯೋ ಫೈಲ್ ಜಿಪುಣತನ. ಹೊಳಪನ್ನು ಪ್ರತಿ ಪಿಕ್ಸೆಲ್‌ಗೂ ಬರೆಯುತ್ತದೆ, ಬಣ್ಣವನ್ನು ಸಾಮಾನ್ಯವಾಗಿ ನಾಲ್ಕು ಪಿಕ್ಸೆಲ್‌ಗೆ ಒಂದೇ ಸಲ. ಎರಡು ಪಿಕ್ಸೆಲ್ ಅಗಲದ ಮಿಂಚಿಗೆ ಅಲ್ಲಿ ಏನು ಉಳಿಯುತ್ತದೆ ಹೇಳಿ? ಜೊತೆಗೆ ನಮಗೆ ಎರಡು ಕಣ್ಣು, ಒಂದಕ್ಕೆ ಕೆಂಪು ಬಿದ್ದಾಗ ಇನ್ನೊಂದಕ್ಕೆ ಏನೂ ಬಿದ್ದಿರುವುದಿಲ್ಲ. ಆ ಮಿನುಗಾಟ ಒಂಟಿ ಲೆನ್ಸಿಗೆ ಎಲ್ಲಿಂದ ಬರಬೇಕು?

ಫೋನಿನಲ್ಲಿ ಒಡವೆ ತೆಗೆಯುವುದು ದಂಡ ಅಂತ ನಾನು ಎಲ್ಲರಿಗೂ ಹೇಳುತ್ತಿದ್ದೆ. ಇವತ್ತಿನಿಂದ ಹೇಳುವುದಿಲ್ಲ. ಫೋನ್ ಲೆನ್ಸಿನ ಬಾಯಿ ಕೆಲವೇ ಮಿಲಿಮೀಟರ್, ಹತ್ತಿರ ಹತ್ತಿರ ಕಣ್ಣಿನಷ್ಟೇ. ಒಂದು ಕೈ ದೂರದಲ್ಲಿ ಹಿಡಿದು, ಪರದೆ ಮುಟ್ಟಿ, ಬೆಳಕಿನ ಗೆರೆಯನ್ನು ಚೆನ್ನಾಗಿ ಕೆಳಗೆ ಎಳೆದೆ. ಮುಖ, ಗೋಡೆ ಎಲ್ಲ ಕತ್ತಲು. ಆದರೆ ಕಂಡಿತಾ? ಎಡಗಡೆ ಮೇಲಿನ ಹರಳು, ಕಿತ್ತಳೆ! ಬಂತು, ಬಂತು. ಈಗ ದೊಡ್ಡ ಕ್ಯಾಮೆರಾ. ಎಫ್ 16, ಬಾಯಿ 6 ಮಿಲಿಮೀಟರಿಗೆ ಇಳಿಯಿತು. ಫೋಕಸ್ ಒಂದು ಕೂದಲೆಳೆ ತಪ್ಪಿಸುತ್ತೇನೆ. ಮಿಂಚು ಹರಡಿ ಹೆಚ್ಚು ಪಿಕ್ಸೆಲ್ ಮೇಲೆ ಬೀಳುತ್ತದೆ, ಲೋಟಗಳು ತುಳುಕುವುದಿಲ್ಲ. ಹಸಿರು ಬಿಲ್ಲೆ, ನೇರಳೆ ಬಿಲ್ಲೆ. ಹರಳಿನ ಅಂಚು ಚೂಪಾಗಿಲ್ಲ, ನನಗದು ಪರವಾಗಿಲ್ಲ. ಬಣ್ಣ ಮುಖ್ಯ.

ಅತ್ತೆ ಬಂದರು, ಸಂಜೆ ನಾಮಕರಣಕ್ಕೆ ಓಲೆ ಹಾಕಿಕೊಳ್ಳಬೇಕಂತೆ. ಕೊಡುತ್ತೇನೆ. ಏಳಕ್ಕೆ ಮುಂಚೆ ಲೆನ್ಸ್ ವಾಪಸ್ ಮಾಡಬೇಕು, ಇಲ್ಲದಿದ್ದರೆ ಇನ್ನೊಂದು ದಿನದ ಬಾಡಿಗೆ. ಬ್ಯಾಟರಿಯೂ ಕೆಂಪಗಾಗಿದೆ, ಆಫ್ ಮಾಡುತ್ತೇನೆ.