ಕಿಟಕಿಗೆ ಎಷ್ಟು ಆಕಾಶ ಕಾಣಬೇಕು?

ಎಲ್ಲರಿಗೂ ನಮಸ್ಕಾರ. ಭಾನುವಾರ ಮಧ್ಯಾಹ್ನ, ಊಟ ಮುಗಿಸಿ, ಪ್ಲಾನಿಂಗ್, ಅಂದ್ರೆ ಕಟ್ಟಡದ ಅನುಮತಿ ಬಗ್ಗೆ ಮಾತು ಕೇಳೋಕೆ ಇಷ್ಟು ಜನ ಕೂತಿದ್ದೀರಿ. ಅಂದ್ರೆ ನಿಮ್ಮಲ್ಲಿ ಹಲವರ ಮನೆಗೆ ಇಲ್ಲಿನ ಸ್ಥಳೀಯ ಆಡಳಿತ, ಅಂದ್ರೆ ಕೌನ್ಸಿಲ್‌ನಿಂದ ಪತ್ರ ಬಂದಿದೆ ಅಂತಲೇ ನನ್ನ ಲೆಕ್ಕ. 'ಪಕ್ಕದ ಮನೆಯವರು ಹಿಂದುಗಡೆ ಎರಡು ಅಂತಸ್ತಿನ ಎಕ್ಸ್‌ಟೆನ್ಷನ್‌ಗೆ ಅರ್ಜಿ ಹಾಕಿದ್ದಾರೆ, ಏನಾದರೂ ಹೇಳುವುದಿದ್ದರೆ 21 ದಿನದೊಳಗೆ ತಿಳಿಸಿ' ಅಂತ. ನಾವು ಏನು ಮಾಡ್ತೀವಿ? 'ನಮ್ಮ ಮನೆ ಕತ್ತಲಾಗುತ್ತೆ' ಅಂತ ಒಂದು ಸಾಲು ಬರೆದು ಕಳಿಸ್ತೀವಿ. ಆ ಸಾಲಿನಿಂದ ಅಧಿಕಾರಿಗೆ ಹೆಚ್ಚೇನೂ ಉಪಯೋಗವಿಲ್ಲ. ಅವರ ಮುಂದೆ ಇನ್ನೊಂದು ಕಡೆಯಿಂದ ಬೆಳಕಿನ ಲೆಕ್ಕದ, ಅಂಕಿಗಳು ತುಂಬಿದ ವರದಿ ಇರಬಹುದು. ಆ ವರದಿಯನ್ನು ಓದೋದು ಹೇಗೆ ಅನ್ನೋದೇ ಇವತ್ತಿನ ಮಾತು. ನಾನು ಹೇಳೋದೆಲ್ಲ ಇಂಗ್ಲೆಂಡಿನ ವ್ಯವಸ್ಥೆ. ಸ್ಕಾಟ್ಲೆಂಡಿನಿಂದ ಬಂದವರು ಕಾನೂನಿನ ಭಾಗವನ್ನು ಪಕ್ಕಕ್ಕಿಟ್ಟು ಕೇಳಿ.

ನಮ್ಮೂರಿನಲ್ಲಿ ಸೆಟ್‌ಬ್ಯಾಕ್ ಎಷ್ಟು ಬಿಟ್ಟಿದ್ದಾರೆ ಅಂತ ಟೇಪ್ ಹಿಡಿದು ಜಗಳ ಆಡ್ತೀವಿ. ಇಲ್ಲಿನ ಜಗಳ ಬೆಳಕಿಗೆ. ಕಾರಣ ತಲೆಯ ಮೇಲೇ ಇದೆ. ಡಿಸೆಂಬರ್ 21ರ ನಡುಮಧ್ಯಾಹ್ನ ಬೆಂಗಳೂರಿನಲ್ಲಿ ಸೂರ್ಯ ಸುಮಾರು 53 ಡಿಗ್ರಿ ಎತ್ತರದಲ್ಲಿರುತ್ತಾನೆ. ಲಂಡನ್ನಿನಲ್ಲಿ ಬರೀ 15. ಆರು ಮೀಟರ್ ಎತ್ತರದ ಗೋಡೆಯ ನೆರಳು ಆ ಹೊತ್ತಿಗೆ ಬೆಂಗಳೂರಿನಲ್ಲಿ ನಾಲ್ಕೂವರೆ ಮೀಟರ್ ಬೀಳುತ್ತೆ, ಇಲ್ಲಿ 22 ಮೀಟರ್ ದಾಟುತ್ತೆ. ನಿಮ್ಮ ಹಿತ್ತಲು ಪೂರ್ತಿ ಹೋಯ್ತು, ಅದರಾಚೆಯವರದ್ದೂ ಸ್ವಲ್ಪ ಹೋಯ್ತು. ಅಲ್ಲಿ ಕಿಟಕಿಗೆ ಸಜ್ಜಾ ಹಾಕಿಸಿ ಬಿಸಿಲು ತಡೆಯುವ ನಾವು ಇಲ್ಲಿ ಅದೇ ಬಿಸಿಲಿಗಾಗಿ ಆಕ್ಷೇಪ ಬರೀತೀವಿ.

ಈ ವರದಿಗಳೆಲ್ಲ ಹಿಡಿಯೋದು ಒಂದೇ ಕೈಪಿಡಿಯನ್ನು. ಬಿಆರ್‌ಇ ಅನ್ನೋ ಕಟ್ಟಡ ಸಂಶೋಧನಾ ಸಂಸ್ಥೆ 1991ರಲ್ಲಿ ತಂದದ್ದು. 2011ರಲ್ಲಿ, ಆಮೇಲೆ 2022ರಲ್ಲಿ ಪರಿಷ್ಕರಿಸಿದ್ದಾರೆ. ಇದು ಕಾನೂನಲ್ಲ. ಅಂಕಿಗಳನ್ನು ಸಂದರ್ಭ ನೋಡಿ ಬಳಸಿ ಅಂತ ಕೈಪಿಡಿಯೇ ಹೇಳುತ್ತೆ. ಇದನ್ನು ಆಮೇಲೆ ಮತ್ತೆ ಎತ್ತುತ್ತೇನೆ, ಯಾಕಂದ್ರೆ ಅರ್ಜಿದಾರರು ಈ ಮಾತನ್ನು ಯಾವತ್ತೂ ಮರೆಯೋದಿಲ್ಲ.

ಮೊದಲ ಪರೀಕ್ಷೆ ಸುಲಭ. ಎದುರಿಗೆ ಕಟ್ಟಡ ಏಳ್ತಾ ಇದ್ದರೆ, ನಿಮ್ಮ ಕೆಳಗಿನ ಕಿಟಕಿಯ ನಡುಮಧ್ಯದಿಂದ ಆ ಕಟ್ಟಡದ ನೆತ್ತಿಗೆ ಒಂದು ಗೆರೆ ಎಳೀರಿ. ಗೆರೆ 25 ಡಿಗ್ರಿಗಿಂತ ಕಡಿಮೆ ಎದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ಜಾಸ್ತಿ ಎದ್ದರೆ ಮುಂದಿನ ಲೆಕ್ಕಕ್ಕೆ ಹೋಗಬೇಕು. ಪಕ್ಕದ ಮನೆಯ ಎಕ್ಸ್‌ಟೆನ್ಷನ್‌ಗೆ 45 ಡಿಗ್ರಿ ಗೆರೆ. ಅದನ್ನು ಪ್ಲಾನ್‌ನಲ್ಲೂ (ಮೇಲಿನಿಂದ ನೋಡಿದ ನಕ್ಷೆ) ಎಳೀಬೇಕು, ಎಲಿವೇಷನ್‌ನಲ್ಲೂ (ಎದುರಿನಿಂದ ನೋಡಿದ ನಕ್ಷೆ) ಎಳೀಬೇಕು. ಎರಡರಲ್ಲೂ ನಿಮ್ಮ ಕಿಟಕಿಯ ಮಧ್ಯಭಾಗ ಗೆರೆಯೊಳಗೆ ಸಿಕ್ಕಿಬಿದ್ದರೆ ತೊಂದರೆ ಇದೆ ಅಂತ ಅರ್ಥ. ಕೆಲವು ಕೌನ್ಸಿಲ್‌ಗಳು ಇದನ್ನು ತಮಗೆ ಬೇಕಾದಂತೆ ಬದಲಿಸಿಕೊಂಡಿವೆ, ನಿಮ್ಮ ಕೌನ್ಸಿಲ್‌ನ ಕೈಪಿಡಿ ಒಮ್ಮೆ ನೋಡಿ.

ಈಗ ನಿಜವಾದ ವಿಷಯ. ವರದಿಯ ಕೊನೆಯಲ್ಲಿ ಉದ್ದುದ್ದ ಕೋಷ್ಟಕ ಇರುತ್ತೆ, ಅದರಲ್ಲಿ ವಿಎಸ್‌ಸಿ (ವರ್ಟಿಕಲ್ ಸ್ಕೈ ಕಾಂಪೊನೆಂಟ್) ಅಂತ ಒಂದು ಕಾಲಂ. ಮೋಡ ಕವಿದ ಆಕಾಶದಿಂದ ನಿಮ್ಮ ಕಿಟಕಿಯ ಹೊರಮೈಗೆ ಎಷ್ಟು ಬೆಳಕು ಬೀಳುತ್ತೆ ಅನ್ನೋದರ ಶೇಕಡಾವಾರು ಅದು. ಎದುರಿಗೆ ಏನೂ ಅಡ್ಡ ಇಲ್ಲದಿದ್ದರೂ ಶೇ. 40ರ ಹತ್ತಿರ ನಿಲ್ಲುತ್ತೆ, ಯಾಕಂದ್ರೆ ನೆಟ್ಟಗೆ ನಿಂತ ಗೋಡೆಗೆ ಅರ್ಧ ಆಕಾಶ ಮಾತ್ರ ಕಾಣೋದು. ಮೋಡದ ಆಕಾಶ ಅಂದಮೇಲೆ ದಿಕ್ಕಿನ ಪ್ರಶ್ನೆಯೇ ಇಲ್ಲ. ಉತ್ತರದ ಕಿಟಕಿಗೂ ದಕ್ಷಿಣದ ಕಿಟಕಿಗೂ ಒಂದೇ ಲೆಕ್ಕ. 'ನಮ್ದು ಉತ್ತರದ ಕಿಟಕಿ, ಹೇಗೂ ಬಿಸಿಲಿಲ್ಲ, ಕೇಳೋಕೆ ಹಕ್ಕಿಲ್ಲ' ಅಂತ ಸುಮ್ನಾಗುವವರು ಬಹಳ ಜನ. ಸುಮ್ನಾಗಬೇಡಿ.

ಕಟ್ಟಡ ಬಂದ ಮೇಲೂ ಶೇ. 27 ಉಳಿದರೆ ಸಾಕು ಅನ್ನುತ್ತೆ ಕೈಪಿಡಿ. ಅದಕ್ಕಿಂತ ಕೆಳಗೆ ಇಳಿದರೂ, ಮೊದಲು ಇದ್ದದ್ದರ 0.8 ಪಾಲು ಉಳಿದಿದ್ದರೆ ವ್ಯತ್ಯಾಸ ಅಷ್ಟಾಗಿ ಗೊತ್ತಾಗೋದಿಲ್ಲ ಅಂತ ಅದರ ವಾದ. ಎರಡೂ ತಪ್ಪಿದರೆ ಮಾತ್ರ 'ಫೇಲ್'.

ಇದರಿಂದ ಏನಾಗುತ್ತೆ ನೋಡಿ. ನಿಮ್ಮ ಹಾಲ್‌ನ ಕಿಟಕಿ 38ರಿಂದ 28ಕ್ಕೆ ಇಳಿಯಿತು ಅಂತಿಟ್ಟುಕೊಳ್ಳಿ. ಹತ್ತು ಹೋಯ್ತು, ಕಣ್ಣಿಗೆ ಕಾಣುವಷ್ಟೇ ಹೋಯ್ತು. ಆದರೂ 27ರ ಮೇಲಿದೆ, ಪಾಸ್. ಪಕ್ಕದ ಓಣಿಗೆ ತೆರೆದ ಅಡುಗೆಮನೆ ಕಿಟಕಿ 10ರಿಂದ 7.5ಕ್ಕೆ ಇಳಿಯಿತು. ಹೋದದ್ದು ಎರಡೂವರೆ. ಆದರೆ ಕಾಲು ಭಾಗ ಹೋಯ್ತಲ್ಲ, ಫೇಲ್. ಆಗ ವರದಿ ಬರೆದವರು ಹೇಳೋದು: 'ಶೇಕಡಾವಾರು ದೊಡ್ಡದಾಗಿ ಕಂಡರೂ ನಿಜವಾದ ನಷ್ಟ ಚಿಕ್ಕದು.' ಮಾತೇನೋ ಸರಿ. ಆದರೆ ಮೊದಲ ಉದಾಹರಣೆಯಲ್ಲಿ ನಿಜವಾದ ನಷ್ಟ ದೊಡ್ಡದು ಅಂತ ಅದೇ ವರದಿ ಎಲ್ಲೂ ಬರೆಯೋದಿಲ್ಲ, ಅಲ್ವಾ? ಅದನ್ನು ಬರೆಯಬೇಕಾದವರು ನೀವು. ಪಾಸ್-ಫೇಲ್ ಕಾಲಂ ಬಿಡಿ, ಮೊದಲಿನ ಅಂಕಿ ಮತ್ತು ಆಮೇಲಿನ ಅಂಕಿ ಎರಡನ್ನೂ ನೋಡಿ.

ಇನ್ನೊಂದು ಪರೀಕ್ಷೆ ಕೋಣೆಯ ಒಳಗಿನದು. ನೆಲದಿಂದ 850 ಮಿಲಿಮೀಟರ್ ಎತ್ತರದಲ್ಲಿ, ಅಂದ್ರೆ ಮೇಜಿನ ಮಟ್ಟಕ್ಕಿಂತ ತುಸು ಮೇಲೆ, ಕೋಣೆಯ ಎಷ್ಟು ಭಾಗಕ್ಕೆ ಆಕಾಶ ನೇರವಾಗಿ ಕಾಣುತ್ತೆ ಅಂತ ಗುರುತು ಹಾಕ್ತಾರೆ. ಅಲ್ಲೂ 0.8ರ ಮಿತಿಯೇ. ಬಿಸಿಲಿನದು ಬೇರೆ ಲೆಕ್ಕ, ಅಲ್ಲಿ ದಿಕ್ಕು ಬೇಕು. ದಕ್ಷಿಣದ ಎರಡೂ ಬದಿಗೆ 90 ಡಿಗ್ರಿಯೊಳಗೆ ಮುಖ ಮಾಡಿರುವ ಕಿಟಕಿಗೆ, ವರ್ಷದಲ್ಲಿ ಸಿಗಬಹುದಾದ ಬಿಸಿಲಿನ ಗಂಟೆಗಳಲ್ಲಿ ಶೇ. 25 ಸಿಗಬೇಕು. ಅದರಲ್ಲಿ ಶೇ. 5 ಸೆಪ್ಟೆಂಬರ್ 21ರಿಂದ ಮಾರ್ಚ್ 21ರ ನಡುವಿನ ಚಳಿಗಾಲದಲ್ಲಿ ಸಿಗಬೇಕು. ಹಿತ್ತಲಿಗೆ ಮಾರ್ಚ್ 21ರಂದು ಅರ್ಧ ಜಾಗಕ್ಕಾದರೂ ಎರಡು ಗಂಟೆ ಬಿಸಿಲು ಬೀಳಬೇಕು. ಮೆಂತ್ಯ, ದಂಟು ಬಿತ್ತೋ ಆಸೆ ಇಟ್ಟುಕೊಂಡವರು ಈ ಪುಟವನ್ನು ಮೊದಲು ತೆಗೀರಿ.

ಈ ವರದಿ ತಯಾರಾಗೋದು ಹೇಗೆ? ದುಡ್ಡು ಕೊಡೋದು ಅರ್ಜಿದಾರರು. ಮೋಸ ಅಂತ ಹೇಳ್ತಿಲ್ಲ, ಲೆಕ್ಕ ಹಾಕುವವರಲ್ಲಿ ಪ್ರಾಮಾಣಿಕರೇ ಜಾಸ್ತಿ. ಆದರೆ ಅವರು ಸಾಮಾನ್ಯವಾಗಿ ನಿಮ್ಮ ಮನೆಯೊಳಗೆ ಬಂದಿರೋದಿಲ್ಲ. ಹೊರಗಿನ ಅಳತೆ, ಫೋಟೋ, ಹಳೇ ನಕ್ಷೆ ನೋಡಿ ಕಂಪ್ಯೂಟರ್‌ನಲ್ಲಿ ನಿಮ್ಮ ಮನೆಯ ಮಾಡೆಲ್ ಕಟ್ಟಿರ್ತಾರೆ. ಕೋಣೆ ಎಷ್ಟು ಆಳ, ಯಾವುದಕ್ಕೆ ಬಳಸ್ತೀರಿ ಅನ್ನೋದು ಹಲವು ಸಲ ಬರೀ ಊಹೆ. ಹಾಲ್, ಅಡುಗೆಮನೆ, ಬೆಡ್‌ರೂಂ ಕಿಟಕಿಗಳನ್ನು ಲೆಕ್ಕಕ್ಕೆ ತಗೋತಾರೆ. ಬಚ್ಚಲು, ಮೆಟ್ಟಿಲು, ಗ್ಯಾರೇಜ್ ಕಿಟಕಿಗಳನ್ನು ಬಿಡ್ತಾರೆ. ಪಕ್ಕದ ಗೋಡೆಯ ಸಣ್ಣ ಕಿಟಕಿ ಹೊರಗಿನಿಂದ ನೋಡಿದರೆ ಬಚ್ಚಲದ್ದು ಅನಿಸುತ್ತೆ, ಒಳಗೆ ಹೋದರೆ ಅಡುಗೆಮನೆ. ಅಂಥ ಕಿಟಕಿ ಕೋಷ್ಟಕದಲ್ಲೇ ಇಲ್ಲದಿದ್ದರೆ ನಿಮ್ಮ ಆಕ್ಷೇಪಕ್ಕೆ ಅದಕ್ಕಿಂತ ಗಟ್ಟಿ ವಿಷಯ ಬೇಕಿಲ್ಲ. ಕಿಟಕಿಯ ಫೋಟೋ, ಕೋಣೆಯ ಅಳತೆ ಹಾಕಿ ಕಳಿಸಿ. 'ಇದು ನಮ್ಮ ಅಡುಗೆಮನೆಯ ಒಂದೇ ಕಿಟಕಿ, ವರದಿಯಲ್ಲಿ ಬಿಟ್ಟುಹೋಗಿದೆ' ಅಂತ ಬರೀರಿ. ಆಗ ಅಧಿಕಾರಿ ಅರ್ಜಿದಾರರನ್ನು ಕೇಳಬಹುದು. ಒಂದು ಎಚ್ಚರ: ನಿಮ್ಮ ಪತ್ರವನ್ನು ಕೌನ್ಸಿಲ್ ಎಲ್ಲರಿಗೂ ಕಾಣುವ ಹಾಗೆ ಹಾಕಬಹುದು. ಪಕ್ಕದ ಮನೆಯವರ ಸ್ವಭಾವದ ವರ್ಣನೆ ಅದರಲ್ಲಿ ಬೇಡ.

ಫೇಲ್ ಆದರೆ ಅರ್ಜಿ ಬಿದ್ದುಹೋಗುತ್ತಾ? ಇಲ್ಲ. ಮನೆಗಳ ಕೊರತೆ ಇರುವ ಕಡೆ ಬೆಳಕಿನ ನಿಯಮಗಳನ್ನು ಬಿಗಿಯಾಗಿ ಹಿಡಿದು ಜಾಗ ಪೋಲು ಮಾಡಬೇಡಿ ಅಂತ ಸರ್ಕಾರದ ರಾಷ್ಟ್ರೀಯ ನೀತಿಯೇ ಹೇಳುತ್ತೆ. ಒಳಲಂಡನ್ನಿನಲ್ಲಿ ಶೇ. 15ರ ಆಸುಪಾಸಿನ ವಿಎಸ್‌ಸಿಯನ್ನೂ ಮೇಲ್ಮನವಿಯಲ್ಲಿ ಒಪ್ಪಿದ್ದಾರೆ. ನನಗೆ ಇದು ಅರ್ಧ ಒಪ್ಪಿಗೆ. ಊರು ಮೇಲಕ್ಕೆ ಬೆಳೀಲೇಬೇಕು. ಆದರೆ ದೊಡ್ಡ ಟವರ್‌ಗಾಗಿ ಹೇಳಿದ ಈ ಮಾತನ್ನು ಎರಡು ಮಲಗುವ ಕೋಣೆಯ ಎಕ್ಸ್‌ಟೆನ್ಷನ್‌ಗೂ ಎಳೆದು ತರೋದು ಅತಿಯಾಯ್ತು. ಅಲ್ಲಿ ಒಂದು ಮೀಟರ್ ಹಿಂದೆ ಸರಿಸಿದರೆ, ಸೂರನ್ನು ಇಳಿಜಾರು ಮಾಡಿದರೆ ಮುಗಿಯುತ್ತೆ. ಹಾಗೇ ಕೇಳಿ. 'ಕಟ್ಟಬೇಡಿ' ಅನ್ನೋದಕ್ಕಿಂತ ಇದು ನಡೆಯುವ ಮಾತು.

'ರೈಟ್ ಟು ಲೈಟ್', ಅಂದ್ರೆ ಬೆಳಕಿನ ಹಕ್ಕಿನ ಬಗ್ಗೆ ಕೇಳೇ ಕೇಳ್ತೀರಿ. ಅದು ಬೇರೆಯೇ ವಿಷಯ. 1832ರ ಕಾಯ್ದೆಯ ಪ್ರಕಾರ ಒಂದು ಕಿಟಕಿಗೆ 20 ವರ್ಷ ತಡೆಯಿಲ್ಲದೆ ಬೆಳಕು ಬಂದಿದ್ದರೆ ಅದು ಆಸ್ತಿಯ ಹಕ್ಕಾಗುತ್ತೆ. ಲಂಡನ್ನಿನ ಹಳೇ ಗೋಡೆಗಳ ಮೇಲೆ 'ಏನ್ಶಿಯಂಟ್ ಲೈಟ್ಸ್' ಅಂತ ಫಲಕ ನೋಡಿರಬಹುದು, ಅದೇ ಇದು. ಕೌನ್ಸಿಲ್ ಇದನ್ನು ನೋಡೋದಿಲ್ಲ, ವಕೀಲರ ಹತ್ತಿರ ಹೋಗಬೇಕು. ಪ್ಲಾನಿಂಗ್ ಅನುಮತಿ ಸಿಕ್ಕಿತು ಅಂತ ಈ ಹಕ್ಕು ಹೋಗೋದೂ ಇಲ್ಲ.

ಇನ್ನು ಗಡುವಿನ ಮಾತು. ಪಕ್ಕದ ಮನೆಗೆ ಅಂಟಿಕೊಂಡ ಮನೆಯ ಹಿಂದೆ ಮೂರು ಮೀಟರ್‌ವರೆಗಿನ ಒಂದಂತಸ್ತಿಗೆ ಸಾಮಾನ್ಯವಾಗಿ ಅರ್ಜಿಯೇ ಬೇಡ. ಮೂರರಿಂದ ಆರು ಮೀಟರ್‌ಗೆ ನಿಮಗೆ ಪತ್ರ ಬರುತ್ತೆ. ಅಲ್ಲಿ ಪಕ್ಕದವರು ಆಕ್ಷೇಪ ಬರೆದರೆ ಮಾತ್ರ ಕೌನ್ಸಿಲ್ ಬೆಳಕಿನ ವಿಷಯ ಪರಿಶೀಲಿಸುತ್ತೆ. ಸುಮ್ಮನಿದ್ದರೆ ಒಪ್ಪಿದ ಹಾಗೇ. ಪೂರ್ಣ ಅರ್ಜಿಯಲ್ಲಿ ಅನುಮತಿ ನಿರಾಕರಿಸಿದರೆ ಅರ್ಜಿದಾರರಿಗೆ ಮೇಲ್ಮನವಿ ಇದೆ. ಅನುಮತಿ ಕೊಟ್ಟರೆ ನಿಮಗೆ ಮೇಲ್ಮನವಿ ಇಲ್ಲ. ಆರು ವಾರದೊಳಗೆ ಹೈಕೋರ್ಟಿಗೆ ಹೋಗಬಹುದು, ಅದೂ ಕಾನೂನಿನ ತಪ್ಪಿದ್ದರೆ ಮಾತ್ರ. ಅದರ ಖರ್ಚಿನಲ್ಲಿ ನೀವೇ ಒಂದು ಎಕ್ಸ್‌ಟೆನ್ಷನ್ ಕಟ್ಟಿಸಬಹುದು.

ಕೌನ್ಸಿಲ್ ಪತ್ರ ತಂದವರು ಅದರ ಕೊನೆಯ ತಾರೀಕು ನೋಡಿಕೊಂಡು ಮುಂದೆ ಬನ್ನಿ. ಗಡುವು ಹತ್ತಿರ ಇರುವವರ ಕೋಷ್ಟಕವನ್ನೇ ಮೊದಲು ತೆಗೆಯೋಣ.