ಮಳೆನಾಡಿನ ಮನೆಗೆ ಯಾವ ವಾದ್ಯ?

ಕೇಳುಗರಿಗೆ ನಮಸ್ಕಾರ.

ವಾದ್ಯ ಕಲಿಯಬೇಕೆಂದು ಮನಸ್ಸು ಮಾಡಿದವರು ಮೊದಲು ಕೇಳುವುದು, ಯಾವುದು ಸುಲಭ ಎಂದು. ಅಂಗಡಿಯಲ್ಲಿ ಉತ್ತರ ಸಿದ್ಧವಾಗಿರುತ್ತದೆ: ಕೀಬೋರ್ಡ್. ಒತ್ತಿದರೆ ಸ್ವರ, ಶ್ರುತಿ ಕೂಡಿಸುವ ತಾಪತ್ರಯವಿಲ್ಲ. ಸಿನಿಮಾ ಹಾಡು ನುಡಿಸುವ ಆಸೆಯಿದ್ದವರು ಧಾರಾಳವಾಗಿ ಕೊಳ್ಳಲಿ. ಆದರೆ ಕರ್ನಾಟಕ ಸಂಗೀತದ ರಾಗಗಳು ನಿಂತಿರುವುದು ಗಮಕದ ಮೇಲೆ; ಸ್ವರವನ್ನು ತೂಗುವ, ಜಾರಿಸುವ ಆ ನಡೆಗೆ ಸಾಮಾನ್ಯ ಕೀಬೋರ್ಡಿನಲ್ಲಿ ಎಡೆಯಿಲ್ಲ. ಮೇಲಾಗಿ, ಜುಲೈ ತಿಂಗಳಲ್ಲಿ ಮರ ಬಿದ್ದು ಲೈನು ಹರಿದರೆ ನಮ್ಮ ಕೊಡಗು ಜಿಲ್ಲೆಯಲ್ಲಿ ಕರೆಂಟು ಯಾವಾಗ ಬರುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಬ್ಯಾಟರಿ ಹಾಕುವಂಥದ್ದನ್ನು ನೋಡಿ ಕೊಳ್ಳಿ.

ಕೊಡಗಿನಲ್ಲಿ ವಾದ್ಯ ಆರಿಸುವವರು ಮಳೆಯನ್ನು ಕೇಳದೆ ಮುಂದುವರಿಯುವಂತಿಲ್ಲ. ಮರ ತೇವ ಹೀರಿ ಉಬ್ಬುತ್ತದೆ. ಮಳೆಗಾಲದಲ್ಲಿ ಕಚ್ಚಿ ಹಿಡಿದು ತಿರುಗಲೊಲ್ಲದ, ತಂತಿ ಬಿಗಿಯುವ ಪಿಟೀಲಿನ ಬಿರಡೆ, ಬೇಸಿಗೆಯಲ್ಲಿ ನಿಲ್ಲಲೊಲ್ಲದೆ ಜಾರುತ್ತದೆ. ಮೃದಂಗ, ತಬಲಗಳ ಚರ್ಮ ಸಡಿಲಾಗಿ ನಾದ ಇಳಿಯುತ್ತದೆ. ಉಕ್ಕಿನ ತಂತಿ ತುಕ್ಕು ಹಿಡಿಯುತ್ತದೆ, ಹಾರ್ಮೋನಿಯಂ ತಿದಿಗೆ ಬೂಷ್ಟು ಬರುತ್ತದೆ. ಹಾಗೆಂದು ಯಾರಾದರೂ ವೀಣೆಯನ್ನು ಒಲೆಯ ಪಕ್ಕದಲ್ಲಿ ಒಣಗಲು ಇಟ್ಟರೆ ಇನ್ನೂ ಕೇಡು. ಏಕಾಏಕಿ ಬಿಸಿ ತಗಲಿದ ಹಲಸಿನ ಮರ ಬಿರುಕು ಬಿಡುತ್ತದೆ. ನುಡಿಸಿದ ಮೇಲೆ ತಂತಿಗಳನ್ನು ಒಣಬಟ್ಟೆಯಿಂದ ಒರೆಸುವುದು, ಪಿಟೀಲಿನ ಕಮಾನನ್ನು ಸಡಿಲಿಸುವುದು, ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಡುವುದು, ಇಷ್ಟಕ್ಕೆ ದಿನವೂ ಐದು ನಿಮಿಷ ಕೊಡಲಾಗದವರು ಕೊಳಲಿನತ್ತ ನೋಡಲಿ. ಅದಕ್ಕೆ ತಂತಿಯಿಲ್ಲ, ಚರ್ಮವಿಲ್ಲ, ಬೆಲೆಯೂ ಕಡಿಮೆ. ಮೊದಮೊದಲು ಬರೀ ಗಾಳಿ ಹೋಗುತ್ತದೆ, ಅದೊಂದೇ ಬೇಸರ.

ಇನ್ನು ಮೈಕಟ್ಟಿನ ಮಾತು. ಮಕ್ಕಳ ಕೈಗೆ ಕಾಲು, ಅರ್ಧ, ಮುಕ್ಕಾಲು ಅಳತೆಯ ಪಿಟೀಲುಗಳು ಸಿಗುತ್ತವೆ. ಬೆಳೆದ ಮೇಲೆ ಆಗುತ್ತದೆಂದು ದೊಡ್ಡದನ್ನೇ ತಂದುಕೊಟ್ಟರೆ ಮಗುವಿನ ಹೆಗಲು ನೋಯುತ್ತದೆ, ಕಲಿಕೆ ನಿಲ್ಲುತ್ತದೆ. ತಗ್ಗು ಶ್ರುತಿಯ ಉದ್ದ ಕೊಳಲಿನಲ್ಲಿ ರಂಧ್ರಗಳ ನಡುವಿನ ಅಂತರ ಹೆಚ್ಚು, ಗಿಡ್ಡ ಬೆರಳುಗಳು ಎಟುಕುವುದಿಲ್ಲ. ಬೆರಳಿನ ಗೆಣ್ಣು ನೋಯುವ ವಯಸ್ಸಿನಲ್ಲಿ ವೀಣೆಯ ತಂತಿ ಎಳೆಯುವುದು ಕಷ್ಟ. ಮೃದಂಗವನ್ನು ಯಾರ ಹಾಡಿಗೆ ನುಡಿಸುತ್ತೀರಿ ಎಂಬುದರ ಮೇಲೆ ಅದರ ಅಳತೆ ನಿಂತಿದೆ: ತಗ್ಗು ಶ್ರುತಿಗೆ ಉದ್ದದ್ದು, ಹೆಚ್ಚು ಶ್ರುತಿಗೆ ಗಿಡ್ಡದ್ದು.

ಒಂದು ವಿಷಯದಲ್ಲಿ ನಾವು ಅದೃಷ್ಟವಂತರು. ಪಿಟೀಲು ಹಿಡಿದವನ ಮೊದಲ ವರ್ಷದ ಕಿರುಗುಟ್ಟುವಿಕೆಯನ್ನು ಪಟ್ಟಣದ ಅಪಾರ್ಟ್‌ಮೆಂಟಿನವರು ಸಹಿಸುವುದಿಲ್ಲ. ಕಾಫಿ ತೋಟದ ನಡುವಿನ ಒಂಟಿ ಮನೆಯಲ್ಲಿ ಅದನ್ನು ಕೇಳುವವರು ಮನೆಮಂದಿ ಮತ್ತು ನಾಯಿ ಮಾತ್ರ. ಆದರೆ ಅದೇ ಒಂಟಿತನ ಇನ್ನೊಂದು ಕಡೆಯಿಂದ ಕಾಡುತ್ತದೆ. ಗುರುಗಳು ಇರುವುದು ಮಡಿಕೇರಿಯಲ್ಲೋ ವಿರಾಜಪೇಟೆಯಲ್ಲೋ; ಗುಡ್ಡ ಕುಸಿದರೆ ದಾರಿಯಿಲ್ಲ, ಆನ್‌ಲೈನ್ ಪಾಠಕ್ಕೆ ನೆಟ್‌ವರ್ಕ್ ಇಲ್ಲ. ಹೀಗಾಗಿ ನನ್ನ ಅಭಿಪ್ರಾಯ ಇಷ್ಟೇ: ವಾದ್ಯದ ಅಂದ ನೋಡುವ ಮೊದಲು, ನಡೆದು ಹೋಗಿ ಬರುವಷ್ಟು ದೂರದಲ್ಲಿ ಯಾರು ಏನು ನುಡಿಸುತ್ತಾರೆ ಎಂದು ವಿಚಾರಿಸಿ. ಎರಡನೆಯ ಆಯ್ಕೆಯ ವಾದ್ಯವಾದರೂ ಸರಿ, ಜೊತೆಯಿದ್ದರೆ ಅದು ಉಳಿಯುತ್ತದೆ.

ಹಾಗೆ ವಿಚಾರಿಸಿದರೆ ಕೊಡಗಿನ ಬಹಳಷ್ಟು ಊರುಗಳಲ್ಲಿ ಸಿಗುವ ಉತ್ತರ ದುಡಿ. ನಡು ಸಣ್ಣದಾದ ಈ ಪುಟ್ಟ ಚರ್ಮವಾದ್ಯವನ್ನು ಎಡಗೈಯಲ್ಲಿ ಹಿಡಿದು ಬಲಗೈಯ ಕಡ್ಡಿಯಿಂದ ಬಡಿಯುತ್ತಾರೆ. ಸುಗ್ಗಿಯ ಹಬ್ಬವಾದ ಪುತ್ತರಿಯಲ್ಲಿ, ಮದುವೆಯಲ್ಲಿ ನಾಲ್ವರು ಕೂಡಿ ಹಾಡುವುದನ್ನು ನೋಡಿದ್ದೀರಿ: ಇಬ್ಬರು ಒಂದು ಸಾಲು ಹೇಳಿದರೆ ಇನ್ನಿಬ್ಬರು ಅದನ್ನು ಎತ್ತಿಕೊಳ್ಳುತ್ತಾರೆ. ಈ ಹಾಡುಗಳನ್ನು ನಡಿಕೇರಿಯಂಡ ಚಿಣ್ಣಪ್ಪನವರು ಸಂಗ್ರಹಿಸಿ 1924ರಲ್ಲಿ ಅಚ್ಚು ಹಾಕಿಸಿದ್ದರಿಂದ ಪದಗಳಿಗೆ ಪುಸ್ತಕವಿದೆ. ಬಡಿತಕ್ಕೆ ಮಾತ್ರ ಮನುಷ್ಯನೇ ಬೇಕು. ಹೊಸಬನಿಗೆ ಇದಕ್ಕಿಂತ ಕರುಣೆಯ ಶಾಲೆ ಇಲ್ಲ. ನಾಲ್ಕನೆಯವನಾಗಿ ಕುಳಿತು ಲಯ ತಪ್ಪಿದರೂ ಉಳಿದ ಮೂವರು ಹಾಡನ್ನು ಎತ್ತಿ ಹಿಡಿದಿರುತ್ತಾರೆ. ಕಷ್ಟವಿರುವುದು ಕೈಯಲ್ಲಲ್ಲ, ಹಾಡುತ್ತಲೇ ಬಡಿಯುವುದರಲ್ಲಿ.

ಊದುವ ವಾದ್ಯವಾದ ವಾಲಗದ ಕಥೆ ಬೇರೆ. ಅದರ ಸದ್ದು ಕಿವಿಗೆ ಬಿದ್ದರೆ ನಮ್ಮವರ ಕಾಲು ನಿಲ್ಲುವುದಿಲ್ಲ, ಆದರೆ ಊದಲು ಕಲಿಯುತ್ತೇನೆನ್ನುವವರು ಎಷ್ಟು ಮಂದಿ? ಕೊಂಬು ಎಂಬ ಕಹಳೆ, ಪರೆ ಎಂಬ ಚರ್ಮವಾದ್ಯ, ವಾಲಗ ಇವುಗಳನ್ನು ಮೇದರಂತಹ ಸಮುದಾಯಗಳು ತಲೆಮಾರುಗಳಿಂದ ನುಡಿಸುತ್ತ ಬಂದಿವೆ. ಕುಣಿಯುವುದು ನಮ್ಮದು, ನುಡಿಸುವುದು ಅವರದು ಎಂದು ನಾವು ಸುಮ್ಮನಿದ್ದುಬಿಟ್ಟಿದ್ದೇವೆ. ಉಸಿರು ಗಟ್ಟಿಯಿರುವ ಹುಡುಗ ಹುಡುಗಿಯರು ಆ ಕಲಾವಿದರ ಬಳಿ ಹೋಗಿ, ಸರಿಯಾದ ಸಂಭಾವನೆ ಕೊಟ್ಟು ಕಲಿಯಲು ಯಾವ ಅಡ್ಡಿಯೂ ಇಲ್ಲ.

ಯಾವುದನ್ನೇ ಆರಿಸಿದರೂ ಮೊದಲು ಎರವಲು ತಂದು ಒಂದೇ ಸ್ವರವನ್ನೋ ಒಂದೇ ಬಡಿತವನ್ನೋ ಹದಿನೈದು ನಿಮಿಷ ನುಡಿಸಿ ನೋಡಿ. ಆ ಸದ್ದು ಇನ್ನೂ ಬೇಕೆನಿಸಿದರೆ ಮಾತ್ರ ದುಡ್ಡು ಬಿಚ್ಚಿ. ಕೊಳ್ಳಲು ಒಳ್ಳೆಯ ಕಾಲ ಪುತ್ತರಿಯ ಆಸುಪಾಸು. ಆಗ ತಂದರೆ ಮಳೆ ಹಿಡಿಯುವುದರೊಳಗೆ ಒಣಹವೆಯಲ್ಲಿ ಕೈ ಪಳಗಿಸಲು ಐದಾರು ತಿಂಗಳು ಸಿಗುತ್ತವೆ. ಜಡಿಮಳೆಯ ಕಕ್ಕಡ ತಿಂಗಳು ಬರುವ ಹೊತ್ತಿಗೆ, ಹೊರಗೆ ಹೋಗಲಾಗದ ಸಂಜೆಗಳಲ್ಲಿ ನುಡಿಸಲು ನಾಲ್ಕು ಪಾಠಗಳಾದರೂ ಬೆರಳಲ್ಲಿರುತ್ತವೆ.

ನಮಸ್ಕಾರ.