ಆ ಕಾರು ರಸ್ತೆಯ ಯಾವ ಬದಿಯಲ್ಲಿದೆ?

ವೇದಿಕೆಯ ಮೇಲಿರುವ ಹಿರಿಯರಿಗೂ ಕ್ಯಾಮೆರಾ ಹೆಗಲಿಗೇರಿಸಿಕೊಂಡೇ ಬಂದಿರುವ ಗೆಳೆಯರಿಗೂ ನಮಸ್ಕಾರ.

ಜಪಾನಿನ ಛಾಯಾಗ್ರಾಹಕ ಶೋಮೆಯ್ ತೋಮಾತ್ಸು ಯಾರೆಂದು ಈ ಸಭೆಗೆ ಹೇಳಬೇಕಾಗಿಲ್ಲ. ನಾಗಸಾಕಿಯಲ್ಲಿ ಅಣುಬಾಂಬ್ ಬಿದ್ದ 11 ಗಂಟೆ 2 ನಿಮಿಷಕ್ಕೆ ನಿಂತುಹೋದ ಕೈಗಡಿಯಾರದ, ಅವರು ತೆಗೆದ ಚಿತ್ರ ನೋಡದವರು ಇಲ್ಲಿ ಯಾರಿದ್ದಾರೆ? ಇವತ್ತಿನ ಮಾತು ಜಪಾನಿನ ದಕ್ಷಿಣದ ದ್ವೀಪ ಒಕಿನಾವಾದಲ್ಲಿ ಅವರು ತೆಗೆದ ಚಿತ್ರಗಳದ್ದು. 1969ರಲ್ಲಿ ಅವರು ಪತ್ರಿಕೆಯೊಂದರ ಪರವಾಗಿ ಅಲ್ಲಿಗೆ ಹೋದಾಗ ದ್ವೀಪ ಇನ್ನೂ ಅಮೆರಿಕದ ಆಡಳಿತದಲ್ಲಿತ್ತು. ಜಪಾನಿನವರೇ ಒಕಿನಾವಾಕ್ಕೆ ಹೋಗಲು ಪ್ರಯಾಣದ ಕಾಗದಪತ್ರ ತೋರಿಸಬೇಕಿತ್ತು. ಅಂಗಡಿಯಲ್ಲಿ ಡಾಲರ್, ಬೇಲಿಯಾಚೆ ಸೇನಾನೆಲೆ. ಅಮೆರಿಕದ ನೆರಳನ್ನು ಹುಡುಕಿಕೊಂಡು ಹೋದವರಿಗೆ ಅಲ್ಲಿ ಸಿಕ್ಕಿದ್ದು ಆ ನೆರಳಿಗೆ ಕರಗದ ಜನ. 1972ರ ಮೇ 15ರಂದು ಒಕಿನಾವಾ ಜಪಾನಿಗೆ ಮರಳಿತು. ಆ ವರ್ಷ ತೋಮಾತ್ಸು ಅಲ್ಲಿಗೇ ಬಿಡಾರ ಬದಲಿಸಿದರು, ಮರುವರ್ಷ ಒಕಿನಾವಾಕ್ಕೇ ಸೇರಿದ ಮಿಯಾಕೋ ದ್ವೀಪದಲ್ಲಿ ಏಳು ತಿಂಗಳು ಕಳೆದರು.

ರಾಜಕೀಯ ಬದಲಾವಣೆ ಎಂದೊಡನೆ ನಮ್ಮ ಹುಡುಗರು ಬಾವುಟ, ಮೆರವಣಿಗೆ ಹುಡುಕುತ್ತಾರೆ. ಹುಡುಕಲಿ. ಆದರೆ ದ್ವೀಪದ ಯಜಮಾನ ಬದಲಾದದ್ದು ಮೊದಲು ತಿಳಿಯುವುದು ಬೆಲೆಚೀಟಿಯಲ್ಲಿ, ನಂಬರ್ ಪ್ಲೇಟಿನಲ್ಲಿ, ಬಸ್ಸಿನ ಬಾಗಿಲಲ್ಲಿ. ದ್ವೀಪ ಮರಳಿದ ದಿನ ಡಾಲರ್ ಹೋಗಿ ಜಪಾನಿನ ಯೆನ್ ಬಂತು. ವರ್ಷಗಟ್ಟಲೆ ಡಾಲರಿಗೆ 360 ಯೆನ್ ಎಂದು ಲೆಕ್ಕ ಹಾಕಿದ್ದವರ ಕೈಗೆ ಹಣ ಬದಲಿಸುವಾಗ ಬಂದದ್ದು 305. ಬೆಲೆಚೀಟಿ ಕಾಣುವ ಒಂದು ತರಕಾರಿ ಅಂಗಡಿಯ ಚಿತ್ರ ಸಾಕು, ಅದು ಆ ದಿನಕ್ಕಿಂತ ಮುಂಚಿನದೋ ಆಮೇಲಿನದೋ ಹೇಳಿಬಿಡಬಹುದು. ಚೀಟಿ ಕಾಣದಿದ್ದರೆ? ಅದಕ್ಕೇ ಹೇಳುವುದು, ದಿನಾಂಕ ಬರೆಯಿರಿ.

ಈಗ ರಸ್ತೆಗೆ ಬರೋಣ. ನನಗೆ ಬಹಳ ಇಷ್ಟವಾದ ಪ್ರಸಂಗ. 1945ರಿಂದ ಒಕಿನಾವಾದಲ್ಲಿ ವಾಹನಗಳು ಬಲಬದಿಯಲ್ಲಿ ಓಡುತ್ತಿದ್ದವು, ಜಪಾನಿನಲ್ಲಿ ಎಡಬದಿಯಲ್ಲಿ. ದ್ವೀಪ ಮರಳಿದ ಮೇಲೂ ಆರು ವರ್ಷ ಹಾಗೇ ನಡೆಯಿತು. 1978ರ ಜುಲೈ 29ರ ರಾತ್ರಿ ಹತ್ತಕ್ಕೆ ಸಂಚಾರ ನಿಲ್ಲಿಸಿದರು. ಎಡಬದಿಗೆ ಹೊಸ ಫಲಕಗಳನ್ನು ಮೊದಲೇ ನೆಟ್ಟು ಮುಚ್ಚಿಟ್ಟಿದ್ದರು. ಆ ಮುಸುಕು ತೆಗೆದು, ಹಳೆಯವಕ್ಕೆ ಹೊದಿಸಿದರು. 30ರ ಬೆಳಗ್ಗೆ ಆರಕ್ಕೆ ಇಡೀ ದ್ವೀಪ ಎಡಕ್ಕೆ! ಬಲಬದಿಗೆ ಬಾಗಿಲಿದ್ದ ಬಸ್ಸುಗಳು ಪ್ರಯಾಣಿಕರನ್ನು ನಡುರಸ್ತೆಗೆ ಇಳಿಸುತ್ತವಲ್ಲ, ಅದಕ್ಕೆ ಸಾವಿರದಷ್ಟು ಹೊಸ ಬಸ್ಸು ತರಬೇಕಾಯಿತು. ಕಾರುಗಳ ಹೆಡ್‌ಲೈಟ್ ಕೂಡ ಬದಲಾಯಿಸಬೇಕಾಯಿತು, ಬೆಳಕು ಎದುರಿನವರ ಕಣ್ಣಿಗೆ ಬಡಿಯುತ್ತಿತ್ತು.

ಸರಿ, ಇದರಲ್ಲಿ ಛಾಯಾಗ್ರಾಹಕರಿಗೇನು ಕೆಲಸ ಎನ್ನುತ್ತೀರಿ. 1975ರ ಒಂದು ನೆಗೆಟಿವ್ ಇದೆ ಎಂದಿಟ್ಟುಕೊಳ್ಳಿ. ಯಾರೋ ಅದನ್ನು ಉಲ್ಟಾ ಇಟ್ಟು ಸ್ಕ್ಯಾನ್ ಮಾಡಿದರು. ಕಾರುಗಳು ಎಡಕ್ಕೆ ಬಂದವು, ಸ್ಟಿಯರಿಂಗ್ ಬಲಕ್ಕೆ ಹೋಯಿತು, ಬಸ್ಸಿನ ಬಾಗಿಲೂ ಎಡಕ್ಕೆ ಸರಿಯಿತು. ಎಲ್ಲವೂ ಒಟ್ಟಿಗೆ ತಿರುಗಿದ್ದರಿಂದ ಒಂದಕ್ಕೊಂದು ತಾಳೆಯಾಗುತ್ತದೆ! ಪಟ್ಟಿ ಮಾಡುವವರು '1978ರ ನಂತರ' ಎಂದು ಬರೆದು ಮುಗಿಸುತ್ತಾರೆ. ಹಿಡಿಯುವುದು ಹೇಗೆ? ಅಂಗಡಿಯ ಬೋರ್ಡಿನ ಅಕ್ಷರ ನೋಡಿ. ಅದಿಲ್ಲದಿದ್ದರೆ ಗಂಡಸರ ಅಂಗಿ ನೋಡಿ, ಗುಂಡಿ ತೊಟ್ಟವರ ಬಲಬದಿಯ ಪಟ್ಟಿಯಲ್ಲಿರಬೇಕು. ಅದೂ ಕಾಣದಿದ್ದರೆ ಫಿಲ್ಮಿನ ಅಂಚೇ ಗತಿ. ಅಂಚಿನ ಸಂಖ್ಯೆ ನೇರವಾಗಿ ಓದುವಂತೆ ಹಿಡಿದರೆ ಹೊಳೆಯುವ ಬದಿ ನಮ್ಮ ಕಡೆ, ಮಂಕಾದ ಎಮಲ್ಷನ್, ಅಂದರೆ ಚಿತ್ರ ಮೂಡುವ ಲೇಪದ ಬದಿ, ಆಚೆ ಕಡೆ. ಆಗ ಚಿತ್ರವೂ ನೇರ. ಆದ್ದರಿಂದ ಸ್ಕ್ಯಾನ್ ಮಾಡುವಾಗ ಅಂಚನ್ನು ಕತ್ತರಿಸಬೇಡಿ.

ತೋಮಾತ್ಸು 1971ರಲ್ಲಿ ತೆಗೆದ, ಒಕಿನಾವಾದ ಹತೆರುಮಾ ದ್ವೀಪದ ಚಿತ್ರ ನೆನಪಿದೆಯೇ? ಓರೆಯಾದ ದಿಗಂತ, ಸಮುದ್ರದ ಮೇಲೆ ಒಂದೇ ಒಂದು ಪುಟ್ಟ ಮೋಡ. ಬೋರ್ಡಿಲ್ಲ, ಬಸ್ಸಿಲ್ಲ, ಅಂಗಿಯೂ ಇಲ್ಲ. ಅದನ್ನು ತಿರುವಿ ಹಾಕಿದರೆ ನೋಡಿದವರಿಗೆ ಗೊತ್ತಾಗುವುದೇ ಇಲ್ಲ. ಸ್ಥಳ, ವರ್ಷ ಎರಡೂ ಇರುವುದರಿಂದಲೇ ಅದು ಜಪಾನಿನ ಜನವಸತಿಯ ತೀರಾ ದಕ್ಷಿಣದ ದ್ವೀಪ, ಹಸ್ತಾಂತರಕ್ಕೆ ಒಂದು ವರ್ಷ ಮುಂಚೆ ಎಂದು ನಮಗೆ ತಿಳಿಯುವುದು.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, 'ಹತ್ತು ನಿಮಿಷ' ಎಂದು. ಚೀಟಿಯ ಮೇಲೆ ದಿನಾಂಕವಿಲ್ಲ, ಆದರೂ ಒಪ್ಪಿಕೊಳ್ಳುತ್ತೇನೆ.

ಕಪ್ಪು-ಬಿಳುಪಿನಲ್ಲಿ ಇನ್ನೊಂದು ತೊಡಕು. 1970ರ ಡಿಸೆಂಬರ್ 20ರ ನಸುಕಿನಲ್ಲಿ ಒಕಿನಾವಾದ ಕೋಜಾ ಊರಿನ ಜನ ಅಮೆರಿಕದವರ ಮೇಲೆ ರೊಚ್ಚಿಗೆದ್ದು 70ಕ್ಕೂ ಹೆಚ್ಚು ವಾಹನ ಸುಟ್ಟರು. ಅಮೆರಿಕದವರ ಗಾಡಿಗಳೆಂದು ಗುರುತಿಸಲು ಹಳದಿ ನಂಬರ್ ಪ್ಲೇಟ್ ಇತ್ತು. ಫಿಲ್ಮಿನಲ್ಲಿ ಹಳದಿ ಬೂದಿಬಣ್ಣವಾಗಿಬಿಡುತ್ತದೆ. ಟಿಪ್ಪಣಿಯಲ್ಲಿ 'ಹಳದಿ' ಎಂದು ಬರೆಯದಿದ್ದರೆ ಆ ಬೆಂಕಿಯ ಅರ್ಧ ಕಥೆ ಹೋಯಿತು. 1974ರಲ್ಲಿ ಕೋಜಾ ಪಕ್ಕದ ಊರಿನೊಡನೆ ಸೇರಿ ಒಕಿನಾವಾ ನಗರವಾಯಿತು. ಹಳೆಯ ಹೆಸರನ್ನು ಅಳಿಸಬೇಡಿ, ಎರಡನ್ನೂ ಬರೆಯಿರಿ.

ನೀರಿನ ವಿಷಯ ಬೇಗ ಹೇಳಿಬಿಡುತ್ತೇನೆ. ಮಿಯಾಕೋ ಹವಳದ ಸುಣ್ಣಕಲ್ಲಿನ ದ್ವೀಪ, ಅಂತರ್ಜಲ ಗಡಸು. ಅಂಥ ನೀರಲ್ಲಿ ತೊಳೆದ ಫಿಲ್ಮ್ ಒಣಗಿದರೆ ಬಿಳಿ ಕಲೆ ಉಳಿಯುತ್ತದೆ. ಕೊನೆಯ ಜಾಲಾಟ ಡಿಸ್ಟಿಲ್ಡ್ ವಾಟರಿನಲ್ಲಿ, ನೀರು ಹನಿಗಟ್ಟದೆ ಜಾರಿಹೋಗುವಂತೆ ಮಾಡುವ ವೆಟಿಂಗ್ ಏಜೆಂಟ್ ಎರಡು ಹನಿ ಹಾಕಿ. ಲೆನ್ಸಿಗೆ ಬೂಷ್ಟು ಹಿಡಿಯುವುದು ಮಂಗಳೂರು, ಕುಂದಾಪುರದವರಿಗೆ ಹೇಳಿಕೊಡಬೇಕಾದ ಪಾಠವಲ್ಲ. ಎ.ಸಿ. ಕೋಣೆಯಿಂದ ಹೊರತರುವಾಗ ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಅರ್ಧ ಗಂಟೆ ಬಿಡಿ, ಬೆವರು ಚೀಲಕ್ಕೆ ಕೂರುತ್ತದೆ.

ಒಕಿನಾವಾದವರೇ ಆದ ಛಾಯಾಗ್ರಾಹಕಿ ಮಾವೊ ಇಶಿಕಾವಾ ಬಗ್ಗೆ ಮಾತಾಡಲೆಂದು ನಾಲ್ಕು ಪುಟ ತಂದಿದ್ದೆ. ತೋಮಾತ್ಸು ಬಳಿ ಕಲಿತ ಆಕೆ 1975ರಿಂದ ಅಮೆರಿಕದ ಕಪ್ಪು ಸೈನಿಕರು ಬರುವ ಬಾರುಗಳಲ್ಲಿ ತಾನೇ ಕೆಲಸಕ್ಕೆ ಸೇರಿ ಗೆಳತಿಯರನ್ನು ಚಿತ್ರಿಸಿದರು. ಹೊರಗಿನಿಂದ ಬಂದ ಗುರುವಿಗೆ ಆ ಬಾಗಿಲು ಅಷ್ಟು ತೆರೆಯುತ್ತಿರಲಿಲ್ಲ. ಇದು ಇನ್ನೊಂದು ದಿನಕ್ಕಿರಲಿ.

ಹೋಗುವ ಮುನ್ನ ಒಂದು ಮಾತು. ಪ್ರಿಂಟಿನ ಹಿಂದೆ ಬಾಲ್‌ಪೆನ್ನಿನಿಂದ ಬರೆಯಬೇಡಿ, ಒತ್ತು ಮುಂದಕ್ಕೆ ಮೂಡುತ್ತದೆ. ಪ್ಲಾಸ್ಟಿಕ್ ಲೇಪವಿಲ್ಲದ ಫೈಬರ್ ಕಾಗದಕ್ಕೆ 2ಬಿ ಪೆನ್ಸಿಲ್, ಅಂಚಿನ ಹತ್ತಿರ, ಹಗುರವಾಗಿ. ಪ್ಲಾಸ್ಟಿಕ್ ಲೇಪದ ಕಾಗದಕ್ಕೆ ಪೆನ್ಸಿಲ್ ಹತ್ತುವುದಿಲ್ಲ. ಅದನ್ನಿಡುವ ಲಕೋಟೆಯ ಮೇಲೆ ಬರೆಯಿರಿ, ಪ್ರಿಂಟನ್ನು ಒಳಗಿಡುವ ಮೊದಲೇ.